ಹೊನ್ನಾವರದಿಂದ ಜೋಗಕ್ಕೆ ಸೈಕಲ್‌ನಲ್ಲಿ: ಶರಾವತಿ ಕಣಿವೆಯಲ್ಲಿ ಒಂದು ಪೂರ್ತಿ ದಿನ

ಹೆಚ್ಚಿನವರು ಜೋಗವನ್ನು ಮೇಲಿನಿಂದ ಬಂದು ನೋಡುತ್ತಾರೆ. ಸಾಗರ, ತಾಳಗುಪ್ಪ ದಾಟಿ, ಕಾರು ನಿಲ್ಲಿಸಿ, ಬೇಲಿ ಹಿಡಿದು ಕೆಳಗೆ ಬಗ್ಗಿ ನೋಡಿ ವಾಪಸ್. ನಾನು ಹೇಳುವ ದಾರಿ ತಿರುಗಾಮುರುಗಾ. ನದಿ ಸಮುದ್ರ ಸೇರುವ ಹೊನ್ನಾವರದಲ್ಲಿ ಶುರು ಮಾಡಿ, ನೀರಿಗೆ ಎದುರಾಗಿ ಹೋಗಿ, ಘಟ್ಟ ಹತ್ತಿ ಜೋಗ ಮುಟ್ಟುವುದು. ಮಧ್ಯಾಹ್ನ ಅದೇ ದಾರಿಯಲ್ಲಿ ಇಳಿದು ಬರುವುದು. ಹೋಗಿ ಬರಲು ಸುಮಾರು 120 ಕಿ.ಮೀ. ಶುರುವಾಗುವುದು ಸಮುದ್ರ ಮಟ್ಟದಲ್ಲಿ, ಮುಟ್ಟುವುದು 500 ಮೀಟರ್ ಆಸುಪಾಸಿನ ಎತ್ತರವನ್ನು. ನಡುವಿನ ಸಣ್ಣ ಏರಿಳಿತಗಳನ್ನೂ ಸೇರಿಸಿದರೆ ದಿನಕ್ಕೆ ಹತ್ತುವುದು ಅದಕ್ಕಿಂತ ಬಹಳ ಜಾಸ್ತಿ.

ಶರಾವತಿಯ ಪೂರ್ತಿ ಉದ್ದವೇ 128 ಕಿ.ಮೀ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುತ್ತದೆ. ಇಷ್ಟು ಚಿಕ್ಕ ನದಿಯ ಹೆಚ್ಚುಕಡಿಮೆ ಅರ್ಧ ದಾರಿಯನ್ನು ಒಂದೇ ದಿನದಲ್ಲಿ ನಿಮ್ಮ ಕಾಲಿನಿಂದಲೇ ನೋಡಬಹುದು. ಈ ದಾರಿ ನನಗೆ ಇಷ್ಟು ಇಷ್ಟವಾಗುವುದು ಅದಕ್ಕೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಸೋಲುವವರು ಘಟ್ಟದಲ್ಲಿ ಸೋಲುವುದಿಲ್ಲ. ಘಟ್ಟಕ್ಕೂ ಮುಂಚಿನ 30 ಕಿ.ಮೀ.ನಲ್ಲಿ ಜೋರು ಮಾಡಿ ಸೋಲುತ್ತಾರೆ. ಈ ಬರಹದಲ್ಲಿ ಗೇರುಸೊಪ್ಪ ತನಕ ಕಾಲು ಉಳಿಸಿಕೊಳ್ಳಿ ಎಂದು ಮತ್ತೆ ಮತ್ತೆ ಹೇಳುವುದು ಅದರಿಂದಲೇ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರುವರಿ. ನನ್ನ ಆಯ್ಕೆ ನವೆಂಬರ್ ಎರಡನೇ ಭಾಗ. ಮಳೆ ನಿಂತಿರುತ್ತದೆ, ಕಾಡು ಇನ್ನೂ ಹಸಿರಾಗಿರುತ್ತದೆ, ಜೋಗದಲ್ಲಿ ಒಂದಿಷ್ಟು ನೀರೂ ಇರುತ್ತದೆ.

ಜೋಗ ತುಂಬಿ ಬೀಳುವುದನ್ನು ನೋಡಬೇಕು ಅಂತ ಜುಲೈ, ಆಗಸ್ಟ್‌ನಲ್ಲಿ ಸೈಕಲ್ ತರಬೇಡಿ. ಆಗ ಘಟ್ಟದ ರಸ್ತೆ ಜಾರುತ್ತದೆ, ನೆರಳಿರುವ ತಿರುವುಗಳಲ್ಲಿ ಪಾಚಿ ಹಿಡಿದಿರುತ್ತದೆ, ಗುಡ್ಡ ಕುಸಿಯುವ ಭಯವೂ ಇದೆ. ಎದುರು ಬರುವ ಲಾರಿಗೆ ಮಳೆಯಲ್ಲಿ ನೀವು ಕಾಣುವುದೂ ಇಲ್ಲ. ಮಳೆಗಾಲದ ಜೋಗವನ್ನು ಬಸ್ಸಿನಲ್ಲಿ ಹೋಗಿ ನೋಡಿ. ಮಾರ್ಚ್ ನಂತರ ಕರಾವಳಿಯ ಸೆಕೆ ತಡೆಯುವುದು ಕಷ್ಟ, ಜೋಗದ ನೀರೂ ಸಪುರವಾಗುತ್ತದೆ. 1964ರಲ್ಲಿ ಮೇಲೆ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಜೋಗಕ್ಕೆ ಎಷ್ಟು ನೀರು ಎಂಬುದು ಬರೀ ಮಳೆಯ ಕೈಯಲ್ಲಿ ಉಳಿದಿಲ್ಲ.

ಶನಿವಾರ, ಭಾನುವಾರ ಬೇಡ. ಪ್ರವಾಸಿಗರ ಗಾಡಿಗಳು ಜಾಸ್ತಿ. ಮಂಗಳವಾರ, ಬುಧವಾರ ರಜೆ ಹಾಕಿ ಹೋಗಿ, ದಾರಿಯೇ ಬೇರೆ ಥರ ಇರುತ್ತದೆ.

ಹಿಂದಿನ ದಿನ ಸಂಜೆಯೇ ಹೊನ್ನಾವರ ತಲುಪಿ ಮಲಗಿ. ಕೊಂಕಣ ರೈಲ್ವೆಯ ಸ್ಟೇಷನ್ ಇದೆ, ಹೆದ್ದಾರಿ ಪಕ್ಕದಲ್ಲೇ ಬಸ್ಸುಗಳೂ ಸಿಗುತ್ತವೆ. ರಾತ್ರಿ ಪ್ರಯಾಣ ಮಾಡಿ ಬೆಳಗ್ಗೆ ನೇರ ಸೈಕಲ್ ಹತ್ತುವ ಯೋಚನೆ ಬಿಟ್ಟುಬಿಡಿ. ನಿದ್ದೆ ಇಲ್ಲದ ದೇಹಕ್ಕೆ ಘಟ್ಟ ಹತ್ತಲು ಆಗಬಹುದು, ಆದರೆ ಇಳಿಯುವಾಗ ಬೇಕಾದ ಚುರುಕು ಇರುವುದಿಲ್ಲ.

ನಿಮ್ಮ ಕಾಲು ತಯಾರಿದೆಯಾ?

ಸರಳವಾದ ಪರೀಕ್ಷೆ ಒಂದಿದೆ. ನಿಮ್ಮ ಊರಿನ ಸುತ್ತ 80 ಕಿ.ಮೀ. ತುಳಿಯಿರಿ. ಮಾರನೇ ದಿನ ಎದ್ದು ಮಾಮೂಲಿ ಕೆಲಸಕ್ಕೆ ಹೋಗಲು ಆದರೆ ಮುಕ್ಕಾಲು ಭಾಗ ತಯಾರಿ ಆದಂತೆ. ಉಳಿದ ಕಾಲು ಭಾಗ ಏರಿನದ್ದು. ನಿಲ್ಲದೆ ಒಂದು ಗಂಟೆ ಒಂದೇ ಹದದಲ್ಲಿ ತುಳಿಯುವ ಅಭ್ಯಾಸ ಬೇಕು. ಹತ್ತಿರದಲ್ಲಿ ಗುಡ್ಡ ಇಲ್ಲದಿದ್ದರೆ ಎದುರುಗಾಳಿಯಲ್ಲಿ ಮಾಡಿ, ಅಥವಾ ಒಂದು ಮೇಲ್ಸೇತುವೆಯನ್ನು ಇಪ್ಪತ್ತು ಸಲ ಹತ್ತಿ ಇಳಿಯಿರಿ. ವಾರಕ್ಕೆ ಮೂರು ದಿನದಂತೆ ಆರು ವಾರ ಸಾಕು.

ಬೆಂಗಳೂರಿನ ಕಡೆಯವರು ನಂದಿ ಬೆಟ್ಟಕ್ಕೆ ಹೋಲಿಸಿ ಕೇಳುತ್ತಾರೆ. ನಂದಿಯ ಏರು ಕಡಿದು, ಆದರೆ ಬೇಗ ಮುಗಿಯುತ್ತದೆ. ಇಲ್ಲಿ ಏರು ಅಷ್ಟು ಕಡಿದಲ್ಲ, ಆದರೆ ಮುಗಿಯುವುದೇ ಇಲ್ಲ ಅನ್ನಿಸುತ್ತದೆ. ನಂದಿಯಲ್ಲಿ ದಮ್ಮು ಬೇಕು, ಇಲ್ಲಿ ತಾಳ್ಮೆ ಬೇಕು.

ಸೈಕಲ್ ಹೇಗಿರಬೇಕು

ದುಬಾರಿ ಸೈಕಲ್ ಬೇಕಿಲ್ಲ. ಸಣ್ಣ ಗೇರ್, ಅಂದರೆ ಏರಿನಲ್ಲಿ ಹಗುರಾಗಿ ತುಳಿಯಲು ಆಗುವ ಗೇರ್ ಬೇಕು. ರೋಡ್ ಬೈಕ್ ಆದರೆ ಮುಂದೆ 34 ಹಲ್ಲಿನ ಚಕ್ರ, ಹಿಂದೆ 32 ಅಥವಾ 34 ಹಲ್ಲಿನದ್ದು ಇರಲಿ. ಹಿಂದೆ 25 ಹಲ್ಲಿನದ್ದೇ ದೊಡ್ಡದಾಗಿದ್ದರೆ ಕ್ಯಾಸೆಟ್ (ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು) ಬದಲಿಸಿ. ಹಳೇ ಕಾಲದ ಛಲಕ್ಕೆ ಬಿದ್ದು ದೊಡ್ಡ ಗೇರ್‌ನಲ್ಲಿ ತುಳಿದರೆ ಮೊದಲು ಹೋಗುವುದು ಮಂಡಿ. ಗೇರ್ ಇರುವ ಹೈಬ್ರಿಡ್ ಸೈಕಲ್‌ನಲ್ಲೂ ಆರಾಮವಾಗಿ ಹೋಗಬಹುದು, ಒಂದು ಗಂಟೆ ಜಾಸ್ತಿ ಹಿಡಿಯಬಹುದು ಅಷ್ಟೇ.

ಟೈರ್ 28 ಮಿ.ಮೀ. ಅಥವಾ ಅದಕ್ಕಿಂತ ಅಗಲ. ಗಾಳಿ ಕಲ್ಲಿನಂತೆ ತುಂಬಿಸಬೇಡಿ. 70 ಕೆ.ಜಿ. ತೂಕದವರಿಗೆ 28ರ ಟೈರ್‌ನಲ್ಲಿ 70ರಿಂದ 80 ಪಿಎಸ್‌ಐ ಸಾಕು. ಇಳಿಜಾರಿನ ತಿರುವಿನಲ್ಲಿ ಹಿಡಿತ ಸಿಗುವುದು ಆ ಮೆದುತನದಿಂದಲೇ.

ಬ್ರೇಕ್ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಹೊರಡುವ ಮೂರು ದಿನ ಮುಂಚೆ ಬ್ರೇಕ್ ಪ್ಯಾಡ್ ನೋಡಿ. ಅರ್ಧ ಸವೆದಿದ್ದರೆ ಹೊಸದು ಹಾಕಿ. ಹಾಕಿದ ಮೇಲೆ ನಿಮ್ಮ ಊರಿನಲ್ಲೇ ಒಂದೆರಡು ದಿನ ಓಡಿಸಿ ಹದ ಮಾಡಿಕೊಳ್ಳಿ. ಒಮ್ಮೆ ನಾನು ಅಂಗಡಿಯಲ್ಲಿ ಪ್ಯಾಡ್ ಹಾಕಿಸಿ, ನೋಡದೆ ಹೊರಟಿದ್ದೆ. ಘಟ್ಟ ಇಳಿಯುವಾಗ ಹಿಂದಿನ ಪ್ಯಾಡ್ ರಿಮ್ ಬಿಟ್ಟು ಟೈರಿಗೆ ಉಜ್ಜುತ್ತಿತ್ತು. ವಾಸನೆ ಬಂದು ನಿಲ್ಲಿಸಿದೆ. ಟೈರಿನ ಪಕ್ಕ ತೆಳ್ಳಗಾಗಿತ್ತು. ಇನ್ನೆರಡು ತಿರುವು ಹೋಗಿದ್ದರೆ ಏನಾಗುತ್ತಿತ್ತೋ. ಅವತ್ತಿನಿಂದ ನನ್ನ ಬ್ರೇಕನ್ನು ನಾನೇ ನೋಡುತ್ತೇನೆ. ನೀವೂ ನೋಡಿ.

ಜೊತೆಗೆ ಎರಡು ಟ್ಯೂಬ್, ಟೈರ್ ಬಿಚ್ಚುವ ಲಿವರ್, ಸಣ್ಣ ಪಂಪ್, ಪ್ಯಾಚ್, ಅಲೆನ್ ಕೀ ಗೊಂಚಲು, ತುಂಡಾದ ಚೈನ್ ಜೋಡಿಸಲು ಒಂದು ಕ್ವಿಕ್ ಲಿಂಕ್. ಪ್ರೆಸ್ಟಾ ವಾಲ್ವ್ (ರೋಡ್ ಬೈಕಿನ ತೆಳ್ಳಗಿನ ವಾಲ್ವ್) ಇರುವ ಟ್ಯೂಬ್ ದಾರಿಯ ಅಂಗಡಿಗಳಲ್ಲಿ ಸಿಗುತ್ತದೆ ಎಂದು ನಂಬಬೇಡಿ. ಪಂಕ್ಚರ್ ಹಾಕುವುದು ಬರದಿದ್ದರೆ ಮನೆಯಲ್ಲಿ ಎರಡು ಸಲ ಟೈರ್ ಬಿಚ್ಚಿ ಹಾಕಿ ಕಲಿತುಕೊಳ್ಳಿ. ಘಟ್ಟದಲ್ಲಿ ಫೋನ್ ಸಿಗ್ನಲ್ ಅಲ್ಲಲ್ಲಿ ಇರುವುದಿಲ್ಲ, ಯಾರನ್ನೋ ಕರೆದು ಸರಿ ಮಾಡಿಸುತ್ತೇನೆ ಅಂದರೆ ನಡೆಯುವುದಿಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಿ. ಎಷ್ಟು ಹೊತ್ತಿಗೆ ಎಲ್ಲಿರುತ್ತೀರಿ ಅಂತ ಮನೆಯವರಿಗೆ ಬರೆದು ಕಳಿಸಿ.

ಬೆಳಗ್ಗೆ ಆರೂವರೆ: ಹೊನ್ನಾವರದಿಂದ ಗೇರುಸೊಪ್ಪ

ಚಳಿಗಾಲದಲ್ಲಿ ಇಲ್ಲಿ ಬೆಳಕು ಹರಿಯುವುದು ಆರೂವರೆ ಹೊತ್ತಿಗೆ. ಅಷ್ಟೊತ್ತಿಗೆ ಪೆಡಲ್ ಮೇಲೆ ಕಾಲಿರಲಿ. ಹೊರಡುವ ಮುಂಚೆ ಎರಡು ಬಾಳೆಹಣ್ಣು, ಒಂದು ಲೋಟ ಚಾ ಸಾಕು. ನಿಜವಾದ ತಿಂಡಿ ಗೇರುಸೊಪ್ಪದಲ್ಲಿ.

ಹೊನ್ನಾವರ ಪೇಟೆಯಿಂದ ಪೂರ್ವಕ್ಕೆ ಸಾಗರದ ಕಡೆ ಹೋಗುವ ಹೆದ್ದಾರಿ ಹಿಡಿಯಿರಿ. ಇದೇ ರಾಷ್ಟ್ರೀಯ ಹೆದ್ದಾರಿ 69. ಹಳಬರು ಇನ್ನೂ 206 ಅನ್ನುತ್ತಾರೆ. ನದಿ ನಿಮ್ಮ ಬಲಕ್ಕೆ, ಒಮ್ಮೆ ಹತ್ತಿರ, ಒಮ್ಮೆ ತೋಟಗಳ ಹಿಂದೆ ಮರೆ. ತೆಂಗು, ಅಡಿಕೆ, ಗದ್ದೆ, ಮತ್ತೆ ಒಂದು ಸಣ್ಣ ಗುಡ್ಡ. ಕವಲಕ್ಕಿ ದಾಟಿ, ಉಪ್ಪೋಣಿ ದಾಟಿ, ಸುಮಾರು 30 ಕಿ.ಮೀ.ಗೆ ಗೇರುಸೊಪ್ಪ.

ನಕ್ಷೆಯಲ್ಲಿ ಈ ಭಾಗ ಚಪ್ಪಟೆ ಕಾಣುತ್ತದೆ. ಚಪ್ಪಟೆ ಅಲ್ಲ. ಸಣ್ಣ ಸಣ್ಣ ಏರು ಬರುತ್ತಲೇ ಇರುತ್ತವೆ. ಬೆಳಗಿನ ತಂಪಿನಲ್ಲಿ, ಹೊಸ ಕಾಲಿನಲ್ಲಿ, ಪ್ರತಿ ಏರನ್ನೂ ಎದ್ದು ನಿಂತು ತುಳಿಯುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟೇ ವೇಗ ಇರಲಿ. ಎರಡೆರಡು ಪದಕ್ಕೆ ಉಸಿರು ಎಳೆಯುತ್ತಿದ್ದೀರಿ ಅಂದರೆ ಗೇರ್ ಇಳಿಸಿ.

ಇನ್ನೊಂದು ಮುಖ್ಯ ಸಂಗತಿ. ನೀವು ಪೂರ್ವಕ್ಕೆ ಹೋಗುತ್ತಿದ್ದೀರಿ, ಸೂರ್ಯ ನೇರ ಕಣ್ಣಿಗೆ. ನಿಮಗಷ್ಟೇ ಅಲ್ಲ, ನಿಮ್ಮ ಹಿಂದೆ ಬರುವ ಲಾರಿ ಚಾಲಕನ ಕಣ್ಣಿಗೂ. ಅವನಿಗೆ ನೀವು ಕಾಣಬೇಕು. ಹಿಂದಿನ ಕೆಂಪು ದೀಪ ಹಗಲಲ್ಲೂ ಮಿನುಗುತ್ತಿರಲಿ. ಕಪ್ಪು ಜೆರ್ಸಿ ಬೇಡ.

ಎಂಟೂಕಾಲರ ಹೊತ್ತಿಗೆ ಗೇರುಸೊಪ್ಪ ಬಂದರೆ ಸರಿಯಾದ ವೇಗ. ಏಳೂಮುಕ್ಕಾಲಿಗೇ ಬಂದರೆ ಜೋರಾಯಿತು ಎಂದೇ ಅರ್ಥ.

ಗೇರುಸೊಪ್ಪದಲ್ಲಿ ಅರ್ಧ ಗಂಟೆ

ಇಲ್ಲಿ ಕೂತು ತಿನ್ನಿ. ಇಡ್ಲಿ, ಅವಲಕ್ಕಿ, ಬನ್ಸ್, ಯಾವುದು ಬಿಸಿ ಇದೆಯೋ ಅದು. ಎಣ್ಣೆಯದ್ದು ಕಡಿಮೆ. ಬಾಟಲಿ ಎರಡನ್ನೂ ತುಂಬಿಸಿ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಓಆರ್‌ಎಸ್. ಪ್ಯಾಕೆಟ್ ಇಲ್ಲದಿದ್ದರೆ 1 ಲೀಟರ್ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಚಹಾದ ಚಮಚ, ಅಳತೆ ತಪ್ಪಬಾರದು. ಮುರುಗಲು ಪಾನಕ ಸಿಕ್ಕರೆ ಬಿಡಬೇಡಿ.

ನಾನು ಮೊದಲ ಸಲ ಇಲ್ಲಿ ನಿಲ್ಲದೆ ಮುಂದೆ ಹೋಗಿದ್ದೆ. ಕಾಲು ಚೆನ್ನಾಗಿ ಓಡುತ್ತಿತ್ತು, ಸುಮ್ನೆ ಯಾಕೆ ನಿಲ್ಲಬೇಕು ಅನ್ನಿಸಿತು. ಘಟ್ಟದ ಅರ್ಧದಲ್ಲಿ ಕೈ ನಡುಗಲು ಶುರುವಾಯಿತು, ಕಣ್ಣು ಮಂಜಾಯಿತು. ಮರದ ಬೇರಿನ ಮೇಲೆ ಮುಕ್ಕಾಲು ಗಂಟೆ ಕೂತೆ. ಎರಡನೇ ಸಲ ಬಂದಾಗ ಗೂಡಂಗಡಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದ ಅಮ್ಮ ಒಬ್ಬರು ನನ್ನ ಸೈಕಲ್ ನೋಡಿ, ‘ತಮಾ, ಖಾಲಿ ಹೊಟ್ಟೆಲಿ ಘಟ್ಟ ಹತ್ತುಕೆ ಹೋಗ್ಬೇಡ’ ಅಂದರು. ಅವರಿಗೆ ನನ್ನ ಹಿಂದಿನ ಕಥೆ ಗೊತ್ತಿರಲಿಲ್ಲ. ನಾಲ್ಕು ಹಣ್ಣು ಜಾಸ್ತಿ ತಗೊಂಡೆ.

ಗೇರುಸೊಪ್ಪ ಈಗ ಚಿಕ್ಕ ಊರು. 16ನೇ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿಯ ರಾಜಧಾನಿ. ಇಲ್ಲಿನ ಕಾಳುಮೆಣಸಿಗಾಗಿ ಬಂದ ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದೇ ಕರೆದರು. ಹೊಳೆಯ ಆಚೆ ದಡದಲ್ಲಿ, ನಗರಬಸ್ತಿಕೇರಿಯ ಕಾಡಿನ ನಡುವೆ, ನಾಲ್ಕು ದಿಕ್ಕಿಗೂ ಬಾಗಿಲಿರುವ ಚತುರ್ಮುಖ ಬಸದಿ ಇದೆ. ನೋಡಲೇಬೇಕಾದ ಜಾಗ. ಆದರೆ ಇವತ್ತಲ್ಲ. ಮಾರನೇ ದಿನಕ್ಕೆ ಇಟ್ಟುಕೊಳ್ಳಿ, ಕಾಲು ಸಡಿಲ ಮಾಡಲು ಅದೇ ಒಳ್ಳೇ ಸವಾರಿ.

ಒಂದು ಎಚ್ಚರಿಕೆ: ಬೆವರಿದೆ ಅಂತ ಇಲ್ಲಿ ಹೊಳೆಗೆ ಇಳಿಯಬೇಡಿ. ಮೇಲೆ 240 ಮೆಗಾವಾಟ್‌ನ ಗೇರುಸೊಪ್ಪ ವಿದ್ಯುತ್ ಕೇಂದ್ರ ಇದೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಗಿನ ಹೊಳೆ ಏರುತ್ತದೆ. ಈಗ ಮೊಣಕಾಲುದ್ದ ಇದ್ದ ನೀರು ಹಾಗೇ ಇರುತ್ತದೆ ಅಂತ ಹೇಳಲು ಬರುವುದಿಲ್ಲ.

ಘಟ್ಟ

ಊರು ಬಿಟ್ಟ ಸ್ವಲ್ಪ ಹೊತ್ತಿಗೆ ರಸ್ತೆ ಮೇಲೆ ತಿರುಗುತ್ತದೆ. ಇದು ಗೇರುಸೊಪ್ಪ ಘಟ್ಟ, ಮಾಲೆಮನೆ ಘಟ್ಟ ಅಂತಲೂ ಹೇಳುತ್ತಾರೆ. ಇಲ್ಲಿಂದ ಮಾವಿನಗುಂಡಿ ತನಕ ಹೆಚ್ಚುಕಡಿಮೆ 25 ಕಿ.ಮೀ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ಸರಾಸರಿ ಏರಿನ ಲೆಕ್ಕ ಹಾಕಿದರೆ ಹೆದರುವಂಥದ್ದೇನೂ ಇಲ್ಲ. ಆದರೆ ಸರಾಸರಿ ಲೆಕ್ಕದಲ್ಲಿ ಒಂದು ಮೋಸ ಇದೆ. ಮಧ್ಯೆ ಮಧ್ಯೆ ರಸ್ತೆ ಸಮ ಆಗುತ್ತದೆ, ಆ ಸಮ ಜಾಗದ ಬಾಕಿಯನ್ನು ಮುಂದಿನ ತಿರುವು ಬಡ್ಡಿ ಸಮೇತ ವಸೂಲಿ ಮಾಡುತ್ತದೆ.

ಮೊದಲ ಹತ್ತು ನಿಮಿಷ ಬೇಕೆಂದೇ ನಿಧಾನ ಹೋಗಿ. ನಿಮ್ಮ ಹತ್ತಿರ ಇರುವ ಅತಿ ಸಣ್ಣ ಗೇರ್‌ಗಿಂತ ಒಂದು ಮೇಲಿನದರಲ್ಲಿ ತುಳಿಯಿರಿ. ಒಂದು ಗೇರ್ ಉಳಿದಿದೆ ಅನ್ನುವ ಧೈರ್ಯ ದೊಡ್ಡದು. ನಿಮಿಷಕ್ಕೆ 70 ಸುತ್ತಿನ ಹತ್ತಿರ ಕಾಲು ತಿರುಗಲಿ. 50ಕ್ಕೆ ಇಳಿದರೆ ಮಂಡಿ ಮೇಲೆ ಭಾರ ಬೀಳುತ್ತದೆ. ಕೂತೇ ತುಳಿಯಿರಿ, ಹ್ಯಾಂಡಲ್ ಮೇಲೆ ಕೈ ಸಡಿಲ ಇರಲಿ, ಭುಜ ಕಿವಿಯಿಂದ ದೂರ ಇರಲಿ. ಹತ್ತು ನಿಮಿಷಕ್ಕೊಮ್ಮೆ ಅರ್ಧ ನಿಮಿಷ ಎದ್ದು ನಿಂತು ತುಳಿದರೆ ಸೊಂಟಕ್ಕೆ ಆರಾಮ.

ತಿರುವುಗಳಲ್ಲಿ ಒಂದು ವಿಷಯ ಗಮನಿಸಿ. ನಾವು ರಸ್ತೆಯ ಎಡಕ್ಕೆ ಹೋಗುವವರು. ಹೇರ್‌ಪಿನ್ ತಿರುವು ಎಡಕ್ಕೆ ತಿರುಗಿದರೆ ನೀವು ಒಳಗಿನ ಅಂಚಿನಲ್ಲಿ ಇರುತ್ತೀರಿ. ಅಲ್ಲಿ ಏರು ಬಹಳ ಕಡಿದು. ಬಲಕ್ಕೆ ತಿರುಗಿದರೆ ಹೊರಗಿನ ಅಂಚು, ಅಲ್ಲಿ ಸ್ವಲ್ಪ ಉಸಿರಾಡಬಹುದು. ಆದ್ದರಿಂದ ಎಡ ತಿರುವಿಗೆ ಮುಂಚೆಯೇ ಗೇರ್ ಇಳಿಸಿ, ತಿರುವಿನ ನಡುವೆ ಅಲ್ಲ. ಭಾರ ಬಿದ್ದಾಗ ಗೇರ್ ಬದಲಿಸಿದರೆ ಚೈನ್ ಕಳಚುತ್ತದೆ. ಹಿಂದೆ ಮುಂದೆ ಗಾಡಿ ಇಲ್ಲ ಅಂತ ಖಾತ್ರಿ ಇದ್ದರೆ ಮಾತ್ರ ಸ್ವಲ್ಪ ಅಗಲಕ್ಕೆ ಹೋಗಿ. ಉದ್ದದ ಬಸ್ಸು, ಲಾರಿಗಳಿಗೆ ಹೇರ್‌ಪಿನ್ನಲ್ಲಿ ಪೂರ್ತಿ ರಸ್ತೆ ಬೇಕು. ಎಂಜಿನ್ ಸದ್ದು ಕೇಳಿದರೆ ತಿರುವಿಗೆ ಮುಂಚೆಯೇ ನಿಂತು ದಾರಿ ಬಿಡಿ. ಇಯರ್‌ಫೋನ್ ಬೇಡವೇ ಬೇಡ.

ಅರ್ಧ ಗಂಟೆಗೊಮ್ಮೆ ಏನಾದರೂ ತಿನ್ನಿ. ಹಸಿವಾದ ಮೇಲೆ ತಿಂದರೆ ತಡವಾಯಿತು. ಒಂದು ಬಾಳೆಹಣ್ಣು, ಮುಂದಿನ ಸಲ ಒಂದು ಶೇಂಗಾ ಚಿಕ್ಕಿ, ಹೀಗೆ. ನೀರು ಗಂಟೆಗೆ ಮುಕ್ಕಾಲು ಲೀಟರ್ ತನಕ ಬೇಕಾಗುತ್ತದೆ. ಇಲ್ಲಿ ಬೆವರು ಆರುವುದಿಲ್ಲ, ಅಷ್ಟು ತೇವದ ಗಾಳಿ.

ನಿಲ್ಲಬೇಕು ಅನ್ನಿಸಿದರೆ ನಿಲ್ಲಿ. ಯಾರೂ ಲೆಕ್ಕ ಇಡುತ್ತಿಲ್ಲ. ಆದರೆ ತಿರುವಿನಲ್ಲಿ ಬೇಡ, ಎರಡೂ ಕಡೆ ದೂರ ಕಾಣುವ ಜಾಗದಲ್ಲಿ. ನಿಂತಾಗ ಕಿವಿ ಕೊಡಿ. ಶರಾವತಿ ಕಣಿವೆ ಸಿಂಗಳೀಕಗಳ ಮನೆ. ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇವು ಇಲ್ಲ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ. 1972ರ ಶರಾವತಿ ಕಣಿವೆ ಅಭಯಾರಣ್ಯಕ್ಕೆ 2019ರಲ್ಲಿ ಇನ್ನಷ್ಟು ಕಾಡು ಸೇರಿಸಿ ಈ ಪ್ರಾಣಿಯ ಹೆಸರನ್ನೇ ಇಟ್ಟರು. ಅವು ಮರದ ತುದಿಯಲ್ಲೇ ಬದುಕುವ ಜೀವಗಳು. ರಸ್ತೆಗೆ ಇಳಿಯುವುದನ್ನು ಕಲಿಸಿದರೆ ಗಾಡಿಗೆ ಸಿಕ್ಕಿ ಸಾಯುತ್ತವೆ. ನಿಮ್ಮ ಬಾಳೆಹಣ್ಣು ನಿಮ್ಮ ಹೊಟ್ಟೆಗೇ ಇರಲಿ, ಸಿಪ್ಪೆ ಕೂಡ ಜೇಬಿಗೆ.

ಮಾವಿನಗುಂಡಿ, ಜೋಗ

ಮಾವಿನಗುಂಡಿಗೆ ಬಂದರೆ ಗೆದ್ದಂತೆಯೇ. ಹೆದ್ದಾರಿ ನೇರ ತಾಳಗುಪ್ಪದ ಕಡೆ ಹೋಗುತ್ತದೆ, ನೀವು ಜೋಗದ ದಾರಿಗೆ ತಿರುಗಿ. ಕೆಲವೇ ಕಿ.ಮೀ. ಹೊಳೆಯ ಸೇತುವೆ ದಾಟಿದರೆ ಉತ್ತರ ಕನ್ನಡ ಮುಗಿದು ಶಿವಮೊಗ್ಗ ಜಿಲ್ಲೆ. ಬೆಳಗ್ಗೆ ಬಲಕ್ಕೆ ಅಗಲವಾಗಿ ಮಲಗಿದ್ದ ಹೊಳೆ ಇಲ್ಲಿ ಬಂಡೆಗಳ ನಡುವೆ ಹರಿಯುತ್ತದೆ. ಸ್ವಲ್ಪ ಮುಂದೆ ಅದೇ ನೀರು 253 ಮೀಟರ್ ಕೆಳಕ್ಕೆ ಬೀಳುತ್ತದೆ, ರಾಜಾ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕು ಕವಲಾಗಿ. ಆ ಎತ್ತರದ ಎರಡರಷ್ಟನ್ನು ನೀವು ಆಗಲೇ ಹತ್ತಿ ಬಂದಿದ್ದೀರಿ. ಬೇಲಿ ಹಿಡಿದು ನಿಂತಾಗ ಆ ಲೆಕ್ಕ ತೊಡೆಗೆ ಗೊತ್ತಾಗುತ್ತದೆ. ಕಾರಿನಲ್ಲಿ ಬಂದಾಗ ನನಗೆ ಒಮ್ಮೆಯೂ ಹಾಗೆ ಅನ್ನಿಸಿರಲಿಲ್ಲ.

ಜಲಪಾತದ ಬುಡಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು. ಇಳಿಯಬೇಡಿ. 60 ಕಿ.ಮೀ. ತುಳಿದ ಕಾಲಲ್ಲಿ ಅಷ್ಟು ಮೆಟ್ಟಿಲು ಇಳಿದು ಹತ್ತಿದರೆ, ವಾಪಸ್ ಘಟ್ಟದಲ್ಲಿ ಕಾಲು ನಡುಗುತ್ತದೆ.

ಊಟ ಹದವಾಗಿ ಮಾಡಿ. ಅನ್ನ, ಸಾರು, ಮಜ್ಜಿಗೆ. ಒಂದೂವರೆಗೆ ಹೊರಡಿ. ಇನ್ನೂ ಹನ್ನೊಂದಕ್ಕೇ ಘಟ್ಟದಲ್ಲಿ ಕಾಲು ಸೋತಿದ್ದರೆ, ಅಥವಾ ಜೋಗ ತಲುಪುವಾಗಲೇ ಎರಡೂವರೆ ದಾಟಿದ್ದರೆ, ಸೈಕಲ್‌ನಲ್ಲಿ ಘಟ್ಟ ಇಳಿಯುವ ಯೋಚನೆ ಬಿಡಿ. ತಾಳಗುಪ್ಪದಲ್ಲಿ ರೈಲ್ವೆ ಸ್ಟೇಷನ್ ಇದೆ, ಹೊನ್ನಾವರದ ಕಡೆ ಬಸ್ಸುಗಳಿವೆ. ಕಂಡಕ್ಟರ್ ಹತ್ತಿರ ವಿನಯವಾಗಿ ಕೇಳಿ, ಸೈಕಲ್‌ಗೂ ಟಿಕೆಟ್ ತೆಗೆಸಿ.

ಇಳಿಯುವುದು

ಹತ್ತುವುದಕ್ಕೆ ಬಲ ಸಾಕು. ಇಳಿಯುವುದಕ್ಕೆ ತಲೆ ಬೇಕು.

ಹೊರಡುವ ಮುಂಚೆ ಎರಡೂ ಬ್ರೇಕ್ ಒತ್ತಿ ನೋಡಿ, ಚಕ್ರವನ್ನು ಹಿಡಿದಿಡುವ ಕ್ವಿಕ್ ರಿಲೀಸ್ ಲಿವರ್ ಬಿಗಿ ಇದೆಯಾ ನೋಡಿ. ಕೈಯನ್ನು ಹ್ಯಾಂಡಲ್‌ನ ಕೆಳಗಿನ ಬಾಗಿನಲ್ಲಿ ಇಡಿ, ಬ್ರೇಕ್ ಮೇಲೆ ಹಿಡಿತ ಜಾಸ್ತಿ ಸಿಗುತ್ತದೆ. ತಿರುವಿಗೆ ಮುಂಚೆ, ಸೈಕಲ್ ನೇರ ಇರುವಾಗಲೇ ವೇಗ ಇಳಿಸಿ. ತಿರುವಿನ ಒಳಗೆ ಬ್ರೇಕ್ ಬಿಡಿ. ಹೊರಗಿನ ಕಾಲು ಕೆಳಗೆ, ಅದರ ಮೇಲೆ ಭಾರ. ಕಣ್ಣು ಮುಂದಿನ ಚಕ್ರದ ಮೇಲೆ ಬೇಡ, ತಿರುವು ಮುಗಿಯುವ ಕಡೆ ಇರಲಿ. ಕಣ್ಣು ಹೋದ ಕಡೆಗೇ ಸೈಕಲ್ ಹೋಗುತ್ತದೆ.

ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡೇ ಇಳಿಯಬೇಡಿ. ರಿಮ್ ಬಿಸಿಯಾಗಿ ಟ್ಯೂಬ್ ಒಡೆಯಬಹುದು. ಗಟ್ಟಿಯಾಗಿ ಹಿಡಿದು, ಬಿಟ್ಟು, ಮತ್ತೆ ಹಿಡಿಯಿರಿ. ನಡುವೆ ಎರಡು ಸಲ ನಿಂತು ತಣಿಯಲು ಬಿಡಿ. ಡಿಸ್ಕ್ ಬ್ರೇಕ್ ಇದ್ದರೆ ಆ ತಟ್ಟೆಯನ್ನು ಮಾತ್ರ ಮುಟ್ಟಬೇಡಿ, ಬೆರಳು ಸುಡುತ್ತದೆ.

ಘಟ್ಟದ ನೆರಳಲ್ಲಿ ರಸ್ತೆ ಮಧ್ಯಾಹ್ನವೂ ಒದ್ದೆ ಇರಬಹುದು. ತಿರುವಿನ ಒಳ ಅಂಚಿನಲ್ಲಿ ಮಳೆ ತಂದ ಜಲ್ಲಿ, ಉದುರಿದ ಎಲೆ. ಎದುರಿನ ಬಸ್ಸು ನಿಮ್ಮ ಕಡೆಗೆ ಬಂದೇ ತಿರುಗುತ್ತದೆ ಎಂದುಕೊಂಡೇ ಪ್ರತಿ ತಿರುವಿಗೂ ಹೋಗಿ. ಕಾಣುವಷ್ಟು ದೂರದೊಳಗೆ ನಿಲ್ಲಲು ಆಗಬೇಕು, ಅದೇ ನಿಮ್ಮ ವೇಗದ ಮಿತಿ. ಗೇರುಸೊಪ್ಪಕ್ಕೆ ಒಂದೂಕಾಲು ಗಂಟೆಯಲ್ಲಿ ಇಳಿದರೆ ಸಾಕು. ಏನಾದರೂ ಆದರೆ 108 ಆಂಬುಲೆನ್ಸ್‌ಗೆ, 112 ತುರ್ತು ಕರೆಗೆ. ಸಿಗ್ನಲ್ ಇಲ್ಲದಿದ್ದರೆ ಬರುವ ಬಸ್ಸಿಗೆ ಕೈ ಅಡ್ಡ ಹಾಕಿ.

ಕೊನೆಯ ಮೂವತ್ತು

ಘಟ್ಟ ಇಳಿದ ಮೇಲೆ ಎಲ್ಲ ಮುಗಿಯಿತು ಅನ್ನಿಸುತ್ತದೆ, ಅಲ್ವಾ? ಇಲ್ಲ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ಏಳುತ್ತದೆ. ನೀವು ಪಶ್ಚಿಮಕ್ಕೆ ಹೋಗುತ್ತಿದ್ದೀರಿ, ಗಾಳಿ ನೇರ ಎದೆಗೆ, ಬಿಸಿಲು ಮತ್ತೆ ಕಣ್ಣಿಗೆ. ಬೆಳಗಿನ ಅದೇ ಸಣ್ಣ ಏರುಗಳು ಈಗ ದೊಡ್ಡದಾಗಿ ಕಾಣುತ್ತವೆ. ಬೆಳಗ್ಗೆ ಕಾಲು ಉಳಿಸಿಕೊಂಡವರಿಗೆ ಅದರ ಬೆಲೆ ಇಲ್ಲಿ ಸಿಗುತ್ತದೆ. ಗೇರುಸೊಪ್ಪದಲ್ಲಿ ಒಂದು ಚಾ ಕುಡಿದು, ಬಾಟಲಿ ತುಂಬಿಸಿ, ಸಣ್ಣ ಗೇರ್‌ನಲ್ಲಿ ಹೊರಡಿ. ಗೆಳೆಯರಿದ್ದರೆ ಒಬ್ಬರ ಹಿಂದೆ ಒಬ್ಬರು ಹೋಗಿ, ಐದೈದು ನಿಮಿಷಕ್ಕೆ ಮುಂದಿನವರು ಬದಲಾಗಲಿ. ಗಾಳಿ ಹಂಚಿಹೋಗುತ್ತದೆ.

ಐದರ ಹೊತ್ತಿಗೆ ಹೊನ್ನಾವರ. ಸೂರ್ಯ ಮುಳುಗಲು ಇನ್ನೂ ಒಂದು ಗಂಟೆ ಇರುತ್ತದೆ. ಆಗುವಷ್ಟು ಶಕ್ತಿ ಇದ್ದರೆ ಬಂದರಿನ ಕಡೆ ನಿಧಾನ ಹೋಗಿ. ಮಧ್ಯಾಹ್ನ ಬಂಡೆಯಿಂದ ಬೀಳುವಾಗ ಕಂಡ ಹೊಳೆ ಇಲ್ಲಿ ಸದ್ದೇ ಇಲ್ಲದೆ ಅಗಲವಾಗಿ ಕಡಲಿಗೆ ಹೋಗುತ್ತಿರುತ್ತದೆ. ದೋಣಿಗಳು ದಡಕ್ಕೆ ಬರುತ್ತಿರುತ್ತವೆ.

ಆಮೇಲೆ ಹೊಟ್ಟೆ ತುಂಬ ಊಟ. ಮಲಗುವ ಮುಂಚೆ ಒಣ ಬಟ್ಟೆಯಲ್ಲಿ ಚೈನ್ ಒರೆಸಿ ಎರಡು ಹನಿ ಎಣ್ಣೆ ಬಿಡಿ. ಕಡಲ ಉಪ್ಪುಗಾಳಿಗೆ ಬೆಳಗಾಗುವಷ್ಟರಲ್ಲಿ ತುಕ್ಕು ಕಾಣಿಸಿಕೊಳ್ಳುತ್ತದೆ, ನಾಳೆ ಬಸದಿಗೆ ಹೋಗುವುದಿದೆ.